ಹತ್ತೊಂಬತ್ತು ಇಂಚಿನ ಗಾಲಿ

2025ರ ಅಕ್ಟೋಬರ್ 5, ಭಾನುವಾರ, ಬೆಳಿಗ್ಗೆ 11-10ಕ್ಕೆ ಠಾಣೆಗೆ ದೂರು ಬಂತು. ಮೈಲಾರಪ್ಪನ ಹೆಣ ಇನ್ನೂ ಹಾನಗಲ್ಲಿನ ಶವಾಗಾರ ಮುಟ್ಟಿರಲಿಲ್ಲ. ಅವನನ್ನು ಕೊಂದ ಕಾರಿನ ಮಾಲೀಕನ ದೂರು ಮಾತ್ರ ನೀಟಾಗಿ ಟೈಪಾಗಿ, ಮೂರು ಪ್ರತಿಯಾಗಿ, ಸಹಿ ಬಿದ್ದು, ಸಬ್ ಇನ್‌ಸ್ಪೆಕ್ಟರ್ ಸಂಘಮಿತ್ರಾಳ ಮೇಜಿನ ಮೇಲೆ ಕೂತಿತ್ತು. ಉಳ್ಳವರ ಕಾಗದಕ್ಕೆ ಕಾಲಿರುತ್ತದೆ. ಇಲ್ಲದವರ ಹೆಣ ಹೊರಲು ಗಾಡಿಗೂ ಕಾಯಬೇಕು.

ದೂರು ತಂದವರು ವಕೀಲ ಗುರುರಾಜರು. ದೂರುದಾರ ಅವರ ಮಗ ಧೀರೇಂದ್ರ, ಸವಣೂರಿನ ಖಾಸಗಿ ದವಾಖಾನೆಯೊಂದರಲ್ಲಿ ಎಲುಬಿನ ಡಾಕ್ಟರು. ನಾಲ್ಕು ತಿಂಗಳ ಹಿಂದೆ ಪುಣೆಯಿಂದ ಸೆಕೆಂಡ್ ಹ್ಯಾಂಡಿನಲ್ಲಿ ಬೂದು ಬಣ್ಣದ, ಎರಡು ಬಾಗಿಲಿನ ಸ್ಪೋರ್ಟ್ಸ್ ಕಾರು ತಂದಿದ್ದ. ಅದೇ ಕಾರು ಆ ಬೆಳಿಗ್ಗೆ 8-40ಕ್ಕೆ ಅಕ್ಕಿಆಲೂರಿನಲ್ಲಿ ವೇಗವಾಗಿ ಹೋಗುತ್ತಿರುವಾಗ ಎಡಗಡೆಯ ಮುಂದಿನ ಗಾಲಿ ಮುರಿದು, ಬಸ್ಸಿಗೆ ನಿಂತಿದ್ದ ಮೈಲಾರಪ್ಪನ ಮೇಲೆ ಹರಿದಿತ್ತು. ದೂರಿನ ಸಾರ ಇಷ್ಟು: ಗಾಲಿಗಳನ್ನು ಆಗಸ್ಟ್ ತಿಂಗಳಲ್ಲಿ ಶಿಗ್ಗಾಂವಿಯ ಹೆದ್ದಾರಿ ಬದಿಯ ಟೈರ್ ಅಂಗಡಿಯ ಬಿಲಾಲನಿಂದ ಕೊಂಡದ್ದು, ಅವನು ಕಳಪೆ ಮಾಲು ಕೊಟ್ಟು ಒಂದು ಜೀವ ತೆಗೆದ, ಬಿಲ್ಲು ಲಗತ್ತಿಸಿದೆ.

ಮೈಲಾರಪ್ಪನ ಹೆಂಡತಿ ಶಾರವ್ವ ಅದೇ ಹೊತ್ತಿಗೆ ಠಾಣೆಯ ಬೆಂಚಿನ ಮೇಲೆ ಕೂತಿದ್ದಳು. ಗಂಡ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದವನು. ಅವಳ ಹೇಳಿಕೆಯ ಮೇಲೆ ಸಂಘಮಿತ್ರಾ ಎಫ್‌ಐಆರ್ ದಾಖಲಿಸಿದಳು. ಕಾರು ಓಡಿಸುತ್ತಿದ್ದ ಧೀರೇಂದ್ರನ ಮೇಲೆ ನಿರ್ಲಕ್ಷ್ಯದ ಕಲಂ ಬಿತ್ತು. ಅದಕ್ಕೆ ಠಾಣೆಯಲ್ಲೇ ಜಾಮೀನು, ಅವನು ಮನೆಗೆ ಹೋದ. ಬಿಲಾಲನ ಮೇಲೆ ಮಾತ್ರ ಜಾಮೀನು ಸಿಗದ ಕಲಂ ಹಾಕಿರಿ ಎಂದು ಮೇಲಿನ ಸಾಹೇಬರ ಫೋನ್ ಬಂತು.

ಆ ದಿನ ಸಂಘಮಿತ್ರಾಳ ತಲೆ ಕಾದ ಹಂಚಾಗಿತ್ತು. ಬಿಲ್ಲಿದೆ, ಹೆಸರಿದೆ, ಮತ್ತೇನು ಬೇಕು ಎಂದುಕೊಂಡಳು. ಮಧ್ಯಾಹ್ನ 3-05ಕ್ಕೆ ಅಂಗಡಿಯ ಮುಂದೆ, ಗಿರಾಕಿಗಳ ನಡುವೆ, ಬಿಲಾಲನ ರಟ್ಟೆ ಹಿಡಿದು ಜೀಪಿಗೆ ಹತ್ತಿಸಿದವಳು ಅವಳೇ. ಮರುದಿನ 3-05ರೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆಮೇಲೆ ಜೈಲು.

4-30ಕ್ಕೆ ವಿಚಾರಣೆ ಶುರುವಾಯಿತು. ಹೆಡ್ ಕಾನ್‌ಸ್ಟೇಬಲ್ ಶೇಖಸಾಬ ಬರೆದುಕೊಳ್ಳಲು ಕೂತ.

"ಗಾಲಿ ಕೊಟ್ಟಾವ ನೀನ ಹೌದಿಲ್ಲೋ?"

"ಕೊಟ್ಟೇನ್ರಿ."

"ಬಿಲ್ಲು ನಿಂದ?"

"ನಂದ ಐತ್ರಿ."

"ಮತ್ತೇನು ಹೇಳೂದೈತಿ?"

"ಮುರದ ಗಾಲಿ ನಂದಲ್ರಿ. ನೀವು ಅದನ್ನ ನೋಡೀರೇನ್ರಿ?"

ಅವಳು ನೋಡಿದ್ದು ಹೆಣವನ್ನು. ಗಾಲಿಯನ್ನು ನೆಟ್ಟಗೆ ನೋಡಿರಲಿಲ್ಲ. ಅದು ನೆನಪಾಗಿ ಸಿಟ್ಟು ಇನ್ನಷ್ಟು ಏರಿತು.

"ಹಾಡು ಬ್ಯಾಡ. ಏನು ಕೊಟ್ಟಿ, ಅದನ್ನ ಹೇಳು."

ಬಿಲಾಲ ಹೇಳಿದ. ಹೆದರಿದ್ದ, ಆದರೆ ಗಾಲಿಯ ಮಾತು ಬಂದಾಗ ಅವನ ದನಿ ಗಟ್ಟಿಯಾಯಿತು.

"ಅವರ ಕಾರಿಗೆ ಮೊದಲು ಹದಿನೆಂಟು ಇಂಚಿನ ಗಾಲಿ ಇದ್ವುರಿ. ತಗ್ಗಿಗೆ ಬಿದ್ದು ಎರಡು ಬೆಂಡಾಗಿದ್ವು. ಹತ್ತೊಂಬತ್ತರವು ಹಾಕು ಅಂದ್ರು. ನಾ ಒಲ್ಲೆ ಅಂದೆ. ಗಾಲಿ ದೊಡ್ಡದಾದಷ್ಟು ಟೈರ್ ತೆಳ್ಳಗಾಕ್ಕೈತಿ. ತಗ್ಗಿನ ಪೆಟ್ಟು ಟೈರ್ ತಿನ್ನೂದು ಬಿಟ್ಟು ಗಾಲೀನ ತಿಂತೈತಿ. ನಮ್ಮ ರಸ್ತಾಕ್ಕ ಹದಿನೇಳು ಛಲೋ, ದಪ್ಪ ಟೈರ್ ಹಾಕೂನು ಅಂದೆ."

"ಬೋಲ್ಟಿಗೆ ಹೊಂದಿದ್ರ ಮುಗೀತಲ್ಲ, ಯಾವುದಾದರೇನು?"

"ಹಂಗಲ್ರಿ ಮೇಡಂ. ಐದೂ ತೂತು ಹೊಂದಿದ ಮ್ಯಾಲೂ ನಡುವಿನ ತೂತು ಹಬ್ಬಿನ ಮ್ಯಾಲೆ, ಅಂದ್ರ ಗಾಲಿ ಕೂಡೂ ಗುಂಬದ ಮ್ಯಾಲೆ, ಬಿಗಿಯಾಗಿ ಕುಂಡ್ರಬೇಕು. ಗಾಲಿ ಬಾಳ ಹೊರಗೂ ಬರಬಾರದು, ಒಳಗೂ ಹೋಗಬಾರದು. ಎಷ್ಟು ಭಾರ ತಡೀತೈತಿ ಅಂತ ಒಳಗ ಅಚ್ಚು ಹೊಡದಿರ್ತಾರ, ಓದಬೇಕು. ಆ ಕಾರಿನ ಬ್ರೇಕ್ ದೊಡ್ಡದು. ಹದಿನೇಳರಾಗ ಕೂಡ್ತೈತೋ ಇಲ್ಲೋ ಅಂತ ರಟ್ಟು ಕತ್ತರಿಸಿ ಅಳತಿ ಹಿಡದು ನೋಡೇನಿ. ಹನ್ನೆರಡು ದಿನ ಹುಡುಕಿ ತರಿಸಿದ ಗಾಲಿರಿ ಅವು."

"ಅವು ನಿನ್ನವು ಅನ್ನಾಕ ಗುರ್ತು?"

"ನಾ ಕೊಟ್ಟ ಗಾಲಿ ಒಳಮೈಗೆ ಹಳದಿ ಪೇಂಟಿನ್ಯಾಗ ಗಾಡಿ ನಂಬರ ಬರದಿರ್ತೇನಿ. ಹೆದ್ದಾರಿ ಧಾಬಾದಾಗ ಗಾಲಿ ಬಿಚ್ಚಿ ಬದಲ ಮಾಡ್ತಾರ್ರಿ, ಅದಕ್ಕ."

ಸಂಘಮಿತ್ರಾ ಎದ್ದು ಅಂಗಳಕ್ಕೆ ಹೋದಳು. ಜಪ್ತಿ ಮಾಡಿ ತಂದ ಕಾರು ಬೇವಿನ ಮರದ ಕೆಳಗೆ ಮೂತಿ ಊರಿ ನಿಂತಿತ್ತು. ಕಾನ್‌ಸ್ಟೇಬಲ್ ಗುದ್ಲೆಪ್ಪ ಬಗ್ಗಿ ಟೈರಿನ ಮೇಲಿನ ಅಂಕಿ ಓದಿದ: ಹತ್ತೊಂಬತ್ತು. ನಾಲ್ಕೂ ಗಾಲಿ ಕಪ್ಪಗೆ ಮಿರುಗುತ್ತಿದ್ದವು. ಒಳಮೈಯಲ್ಲಿ ಹಳದಿ ಅಕ್ಷರ ಎಲ್ಲೂ ಇರಲಿಲ್ಲ. ಬಿಲ್ಲಿನಲ್ಲಿ 'ಗಾಲಿ ನಾಲ್ಕು, ಟೈರ್ ನಾಲ್ಕು' ಎಂದಿತ್ತೇ ಹೊರತು ಅಳತೆ ಬರೆದಿರಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಸಾಲಿಗೆ ತಾನೂ ಸೇರಿದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಆದರೂ ಅಂಗಡಿಯವನ ಬಾಯಿಮಾತು ಕೋರ್ಟಿಗೆ ಸಾಲದು. ಪುರಾವೆ ಬೇಕು, ಅದೂ ನಾಳೆ ಮೂರರೊಳಗೆ.

ಅಕ್ಟೋಬರ್ 6, ಸೋಮವಾರ, ಬೆಳಿಗ್ಗೆ 8 ಗಂಟೆಗೆ ಹಾವೇರಿಯಿಂದ ಮೋಟಾರು ವಾಹನ ನಿರೀಕ್ಷಕರು ಬಂದರು. ಮುರಿದ ಗಾಲಿಯನ್ನು ಬಿಚ್ಚಿಸಿ, ಬಣ್ಣ ಕೆರೆದು ನೋಡಿದರು. ಬಣ್ಣದ ಕೆಳಗೆ ಬೆಸುಗೆಯ ಗಂಟು ಕಂಡಿತು. ಮುರಿದ ಜಾಗದ ಅರ್ಧ ಹೊಸದಾಗಿ ಬೆಳ್ಳಗೆ ಹೊಳೆಯುತ್ತಿತ್ತು, ಇನ್ನರ್ಧ ಮಂಕಾಗಿ ಕೆಂಪು ಕಲೆ ಹಿಡಿದಿತ್ತು.

"ಈ ಅರ್ಧ ಹಳೇ ಸೀಳ್ರಿ. ನಿನ್ನೆ ಮುರದದ್ದು ಉಳಿದರ್ಧ."

"ಕೆಂಪಗಿರೂದು ತುಕ್ಕೇನ್ರಿ?"

"ಅಲ್ಯುಮಿನಿಯಂಗ ಕೆಂಪು ತುಕ್ಕು ಎಲ್ಲಿಂದ ಬರಬೇಕ್ರಿ."

"ರಕ್ತ?"

ಗುದ್ಲೆಪ್ಪ ಹತ್ತಿರ ಬಂದು, ಮುಟ್ಟದೆ, ಮೂಗು ತಾಗಿಸುವಷ್ಟು ಬಗ್ಗಿದ.

"ಕುಂಕುಮರಿ ಮೇಡಂ. ಬುಧವಾರ ಖಂಡೆಪೂಜಿಗೆ ನಮ್ಮ ಬಂದೂಕಿಗೆ ನಾನ ನೀರಾಗ ಕಲಿಸಿ ಹಚ್ಚೇನಿ. ಸಂದ್ಯಾಗ ಇಳದದ್ದು ಎಷ್ಟು ಒರಸಿದ್ರೂ ಹೋಗವಲ್ದು. ಬಣ್ಣ ಇದ."

ನಿರೀಕ್ಷಕರು ಗಾಲಿಯನ್ನು ಮಗುಚಿ ತೋರಿಸಿದರು. ಸೀಳು ಬಾಯಿ ಬಿಟ್ಟದ್ದು ಹಿಂದಿನ ಮುಖದಲ್ಲಿ, ಹಬ್ಬಿಗೆ ಒತ್ತಿಕೊಳ್ಳುವ ಕಡೆ. ಗಾಲಿ ಕಾರಿಗೆ ಕೂತ ಮೇಲೆ ಆ ಜಾಗಕ್ಕೆ ಬೆರಳೂ ಹೋಗುವುದಿಲ್ಲ. ಅಂದರೆ ಖಂಡೆಪೂಜೆಯ ದಿನ, ಆಯುಧಪೂಜೆಯ ಆ ಬುಧವಾರ, ಈ ಗಾಲಿ ಕಾರಿನಲ್ಲಿರಲಿಲ್ಲ. ಯಾರದೋ ಮನೆಯಲ್ಲಿ ಬಿಡಿಯಾಗಿ ಮಲಗಿತ್ತು, ಬಾಯಿ ತೆರೆದ ಸೀಳಿನ ಸಮೇತ. ಆಗಸ್ಟಿನಿಂದ ಇದೇ ಗಾಲಿ ಓಡುತ್ತಿದೆ ಎಂಬ ದೂರು ಹಸಿ ಸುಳ್ಳು.

9-50ಕ್ಕೆ ಸಂಘಮಿತ್ರಾ ಹಾನಗಲ್ಲಿನಲ್ಲಿ ಗುರುರಾಜರ ಮನೆಯ ಬಾಗಿಲಲ್ಲಿ ನಿಂತಿದ್ದಳು. ಜೊತೆಗೆ ಸಾಕ್ಷಿಗೆ ಇಬ್ಬರು ಪಂಚರು. ಶೇಖಸಾಬ ಮೊಬೈಲಿನಲ್ಲಿ ಚಿತ್ರೀಕರಣ ಶುರು ಮಾಡಿದ.

"ವಾರಂಟ್ ಎಲ್ಲಿ?" ಎಂದರು ಗುರುರಾಜರು.

"ಇಲ್ರಿ. ಕಾರಣ ಬರಕೊಂಡು ತಂದೇನಿ, ಓದ್ರಿ. ಕಲಂ ನನಗಿಂತ ನಿಮಗ ಛಲೋ ಗೊತ್ತೈತಿ."

"ಮಗ ಡ್ಯೂಟಿಗೆ ಹೋಗ್ಯಾನ."

ಒಬ್ಬನನ್ನು ಕೊಂದ ಮರುದಿನವೇ ಡ್ಯೂಟಿ. ಸಂಘಮಿತ್ರಾ ಹಲ್ಲು ಕಚ್ಚಿಕೊಂಡಳು. ಅಷ್ಟರಲ್ಲಿ ಒಳಗಿನಿಂದ ಧೀರೇಂದ್ರನ ತಾಯಿ ಭಾಗೀರಥಿಬಾಯಿ ಬಂದರು. ಅತ್ತು ಅತ್ತು ಕಣ್ಣು ಕೆಂಪಾಗಿದ್ದವು.

"ಆ ಮನುಷ್ಯಾಗ ಮಕ್ಕಳಿದ್ದಾರೇನ್ರಿ?"

ಎರಡು ದಿನದಲ್ಲಿ ಆ ಮನೆಯಿಂದ ಯಾರೂ ಕೇಳದ ಪ್ರಶ್ನೆ ಅದು.

"ಒಬ್ಬಾಕಿ ಮಗಳಿದಾಳ್ರಿ, ಒಂಬತ್ತನೇ ಕ್ಲಾಸು. ಬಾಯಾರ, ಖಂಡೆಪೂಜಿ ದಿವಸ ಕಾರಿನ ಗಾಲಿಗೆ ಕುಂಕುಮ ಹಚ್ಚಿದವರು ಯಾರ್ರಿ?"

"ಭಾಗೀರಥಿ, ನೀ ಒಳಗ ಹೋಗು," ಎಂದರು ಗುರುರಾಜರು.

"ನಾನ ಹಚ್ಚೀನ್ರಿ," ಎಂದರು ಭಾಗೀರಥಿಬಾಯಿ. "ಹಿರೇಕೆರೂರಿಂದ ಟೆಂಪೋದಾಗ ಬಂದಿದ್ವು. ನಾಲ್ಕೂ ದೇವರ ಮುಂದ ಮಲಗಿಸಿದ್ದ. ಮುಂದಿನ ಮೈಗೆ ಹಚ್ಚಬ್ಯಾಡ ಅವ್ವಾ, ಹೊಳಪು ಹೋಗ್ತದ, ಹಿಂದ ಹಚ್ಚು ಅಂದ. ಶ್ರೀಕಾರ ಬರೀಲಿಕ್ಕೆ ಹೋದ್ರ ಒಂದರ ಮ್ಯಾಲೆ ಕುಂಕುಮ ನಿಲ್ಲಲಿಲ್ಲ. ಗೆರಿ ಹಿಡದು ಒಳಗ ಇಳೀತು. ಧೀರೂ, ಇದು ಸೀಳ್ಯದಲ್ಲೋ ಅಂದೆ."

"ಅವರೇನಂದ್ರು?"

"ಸುಮ್ಮನಿರು, ಒಳಗ ಹೋಗು ಅಂದೆನಲ್ಲ," ಎಂದು ಗುರುರಾಜರು ದನಿ ಏರಿಸಿದರು.

"ನಲವತ್ತು ವರ್ಷ ಸುಮ್ಮನ ಇದ್ದೀನಿ. ನಿನ್ನೆ ಯಾವುದೋ ಸಾಬರ ಹುಡುಗನ್ನ ಹಿಡಕೊಂಡು ಹೋದ್ರಂತ. ಅವನ ತಾಯಿ ಅನ್ನ ಉಂಡಿದ್ದಾಳೇನು?" ಭಾಗೀರಥಿಬಾಯಿ ಸಂಘಮಿತ್ರಾಳ ಕಡೆ ತಿರುಗಿದರು. "ಶನಿವಾರ ಹಾಕ್ತೀನಿ, ಎರಡು ದಿನಕ್ಕ ಏನೂ ಆಗೂದಿಲ್ಲ, ಸೋಮವಾರ ತಗೀತೀನಿ ಅಂದನ್ರಿ. ಹಳೇ ಗಾಲಿ ಹಿತ್ತಲ ಖೋಲಿಯೊಳಗ ಅವ, ನೋಡ್ರಿ."

ಹಿತ್ತಲ ಕೋಣೆಯಲ್ಲಿ, ಗೋಣಿತಾಟಿನ ಕೆಳಗೆ, ಹದಿನೇಳು ಇಂಚಿನ ನಾಲ್ಕು ಗಾಲಿ ಸಿಕ್ಕವು. ಒಂದೊಂದರ ಒಳಮೈಯಲ್ಲೂ ಹಳದಿ ಪೇಂಟಿನಲ್ಲಿ ಅದೇ ಕಾರಿನ ನಂಬರು. 10-40ಕ್ಕೆ ಪಂಚನಾಮೆ ಮುಗಿಯಿತು. ಗುರುರಾಜರು ಸಹಿ ಹಾಕಲಿಲ್ಲ, ಪಂಚರು ಹಾಕಿದರು.

ಶೇಖಸಾಬ ಆ ಟೆಂಪೋದ ಜಾಡು ಹಿಡಿದು ಹಿರೇಕೆರೂರಿಗೆ ಹೋಗಿ 12-15ಕ್ಕೆ ಜಗದೀಶ ಎಂಬ ಗುಜರಿ ವ್ಯಾಪಾರಿಯನ್ನು ಕರೆತಂದ. ಅಪಘಾತವಾದ ಕಾರುಗಳ ಗಾಲಿ ಬಿಚ್ಚಿ ಮಾರುವುದು ಅವನ ಕಸುಬು.

"ಒಂದಕ್ಕ ಬೆಸಿಗಿ ಹಾಕೇತಿ, ಓಡಸಾಕ ಬರೂದಿಲ್ಲ, ಗ್ವಾಡಿಗೆ ಬೇಕಾದ್ರ ತೂಗಹಾಕ್ರಿ ಅಂತ ಹೇಳೇನ್ರಿ."

"ಹೇಳಿ, ಮಾರಿದಿ."

"ಮಾರೇನ್ರಿ."

"ಓಡಸಾಕ ಬರಲಾರದ್ದಕ್ಕ ಬಣ್ಣ ಯಾಕ ಬಳದಿ?"

ಅವನನ್ನೂ ಅವಳು ಸುಮ್ಮನೆ ಬಿಡಲಿಲ್ಲ, ಎರಡನೇ ಆರೋಪಿಯಾಗಿ ಹೆಸರು ಸೇರಿಸಿದಳು.

1-20ಕ್ಕೆ ಸವಣೂರಿನಲ್ಲಿ, ದವಾಖಾನೆಯ ಕೋಣೆಯಲ್ಲಿ, ಧೀರೇಂದ್ರ ಎದ್ದು ನಿಂತ. ಗೋಡೆಯ ದೀಪದ ಪೆಟ್ಟಿಗೆಗೆ ಯಾರದೋ ಮೊಣಕಾಲಿನ ಎಕ್ಸ್‌ರೇ ಸಿಕ್ಕಿಸಿತ್ತು.

"ದಿನಾ ಎಷ್ಟು ಎಕ್ಸ್‌ರೇ ನೋಡ್ತೀರಿ ಡಾಕ್ಟರ?"

"ಮೂವತ್ತು, ನಲವತ್ತು."

"ಕೂದಲೆಳಿಯಷ್ಟು ಸೀಳಿದ್ರೂ ಕಾಣತೈತಿ?"

"ಕಾಣ್ತದ."

"ಸೀಳಿದ ಕಾಲಿನ ಮ್ಯಾಲೆ ಎರಡು ದಿನ ಓಡಾಡ್ರಿ, ಏನೂ ಆಗೂದಿಲ್ಲ ಅಂತ ಯಾರಿಗರೆ ಹೇಳೀರೇನು?"

ಅವಳು ಪಂಚನಾಮೆಯ ಪ್ರತಿಯನ್ನು ಮುಂದಿಟ್ಟಳು, ಅದರ ಮೇಲೆ ಅವನ ತಾಯಿಯ ಹೇಳಿಕೆಯನ್ನು. ತಾಯಿಯ ಸಹಿ ಕಂಡದ್ದೇ ಅವನ ಮುಖ ಕಳೆಗುಂದಿತು.

"ಗೊತ್ತಿತ್ತು, ಹೌದಲ್ಲ?"

"ಗೊತ್ತಿತ್ತು."

"ಬಿಲಾಲನ ಹೆಸರು ಯಾಕ ಹೇಳಿದ್ರಿ?"

"ಬಿಲ್ಲು ಇತ್ತು."

ಇಷ್ಟೇ. ಬಿಲ್ಲು ಇತ್ತು, ಹಾಗಾಗಿ ಒಬ್ಬನನ್ನು ಜೈಲಿಗೆ ಕಳಿಸಬಹುದಿತ್ತು. ಸಂಘಮಿತ್ರಾಳಿಗೆ ಆ ಮೇಜನ್ನು ಎತ್ತಿ ಒಗೆಯುವಷ್ಟು ಸಿಟ್ಟು ಬಂತು. ಬಡವನ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ಈ ಸಿಟ್ಟಿಗೆ ಖಾಕಿ ಇತ್ತು, ಕಾನೂನಿತ್ತು. ಗೊತ್ತಿದ್ದೂ ಜೀವ ತೆಗೆದ ಕಲಂ, ಸುಳ್ಳು ದೂರು ಕೊಟ್ಟ ಕಲಂ, ಎರಡನ್ನೂ ಓದಿ ಹೇಳಿ 1-50ಕ್ಕೆ ಅವನನ್ನು ಬಂಧಿಸಿದಳು.

ಮೂರಕ್ಕೆ ಕೋರ್ಟಿನಲ್ಲಿ ಬಿಲಾಲನ ವಿರುದ್ಧ ಏನೂ ಇಲ್ಲವೆಂದು ವರದಿ ಕೊಟ್ಟಾಯಿತು. ಮ್ಯಾಜಿಸ್ಟ್ರೇಟರು ಬಿಡುಗಡೆಗೆ ಆದೇಶ ಬರೆದರು. ಹೊರಗೆ ಬಂದು ಅವಳು ಅವನ ಮುಂದೆ ನಿಂತಳು.

"ನನ್ನಿಂದ ತಪ್ಪಾತ್ರಿ."

ಬಿಲಾಲ ರಸ್ತೆಯಲ್ಲಿ ನಿಂತ ಜೀಪಿನ ಕಡೆ ನೋಡಿದ.

"ಅಂಗಡಿ ಮುಂದ ಹಿಡದೀರಿ ಮೇಡಂ. ಅಂಗಡಿ ಮುಂದನ ಬಿಡ್ರಿ."

ಅವಳೇ ಜೀಪು ಓಡಿಸಿಕೊಂಡು ಶಿಗ್ಗಾಂವಿಗೆ ಹೋದಳು. ಅಂಗಡಿಯ ಮುಂದೆ ಇಳಿದು, ನಿನ್ನೆ ನೋಡಿದವರೆಲ್ಲ ನೋಡುವ ಹಾಗೆ, ಅವನಿಗೆ ಕೈಮುಗಿದಳು. ಬಿಲಾಲ ತಿರುಗಿ ಕೈಮುಗಿಯಲಿಲ್ಲ. ಅವಳಿಗೆ ಅದು ಸರಿಯೆನ್ನಿಸಿತು.

ಸಂಜೆ 5-30ಕ್ಕೆ ಧೀರೇಂದ್ರನ ಹೇಳಿಕೆ ಮುಗಿಯಿತು. ಅಂಥ ಕಾರು ಇಟ್ಟವರದೊಂದು ವಾಟ್ಸಾಪ್ ಗುಂಪು ಇದೆ. ಹದಿನೇಳರ ದಪ್ಪ ಗಾಲಿ ಹಾಕಿದ ಫೋಟೋ ಅವನು ಕಳಿಸಿದಾಗ ಯಾರೋ ಟ್ರ್ಯಾಕ್ಟರ್ ಬಂತು ದಾರಿ ಬಿಡ್ರಿ ಎಂದು ಬರೆದರು. ಉಳಿದವರೆಲ್ಲ ನಕ್ಕರು. ಭಾನುವಾರ ಶಿವಮೊಗ್ಗದ ಕಡೆ ಆ ಗುಂಪು ಸೇರುವುದಿತ್ತು. ಅಲ್ಲಿಗೆ ಮತ್ತೆ ಅದೇ ಗಾಲಿಯಲ್ಲಿ ಹೋಗಲು ಅವನಿಗೆ ಆಗಲಿಲ್ಲ.

ಶಾರವ್ವ ಗಂಡನ ಮಣ್ಣು ಮುಗಿಸಿ ಮಗಳೊಂದಿಗೆ ಬಂದು ಹೊರಗೆ ಕಟ್ಟೆಯ ಮೇಲೆ ಕೂತಿದ್ದಳು. ಸಂಘಮಿತ್ರಾ ಹೋಗಿ ಪಕ್ಕದಲ್ಲಿ ಕೂತಳು.

"ಹಿಡದೇವಿ ಶಾರವ್ವ. ಡಾಕ್ಟರನ ತಪ್ಪು."

"ಯಾಕ ಹಂಗ ಮಾಡಿದನಂತ ಯವ್ವಾ? ಊರಾಗ ಕೇಳ್ತಾರ. ಈ ಹುಡುಗಿ ಕೇಳ್ತೈತಿ. ಏನಂತ ಹೇಳ್ಲಿ?"

ಸುಳ್ಳು ಹೇಳಬಹುದಿತ್ತು. ಕುಡಿದಿದ್ದ, ನಿದ್ದೆಗಣ್ಣಿನಲ್ಲಿದ್ದ, ಏನಾದರೊಂದು. ಸಂಘಮಿತ್ರಾ ಇದ್ದದ್ದನ್ನೇ ಹೇಳಿದಳು.

"ಛಲೋ ಗಾಲಿ ಇದ್ವು. ಅವನ್ನ ನೋಡಿ ಗೆಳ್ಯಾರು ನಕ್ರಂತ. ಅದಕ್ಕ ಬಿಚ್ಚಿ ಸೀಳಿದ್ದು ಹಾಕ್ಯಾನ."

"ನಕ್ರಂತ?"

"ಹೌದು."

ಶಾರವ್ವ ಮಗಳ ತಲೆಯ ಮೇಲೆ ಕೈಯಿಟ್ಟು, ರಸ್ತೆಯ ಕಡೆ ನೋಡುತ್ತ ಹೇಳಿದಳು:

"ನಮ್ಮನ್ನ ನೋಡಿ ದಿನಾ ನಗತಾರವ್ವ. ನಾವು ಯಾರನ್ನ ಕೊಂದೇವಿ?"