ಹಲಗೆ ಮುರಿಯುವ ಕೆಲಸ

ಜಾಕಿನ ಹಿಡಿಯನ್ನು ಬಡಗಿ ಇನ್ನೊಂದು ಸುತ್ತು ತಿರುಗಿಸಿದ. ಹಲಗೆ ನರಳಿತು, ಬಾಗಿತು, ಮುರಿಯಲಿಲ್ಲ.

"ಅದು ನಾನು ಪಾತ್ರೆ ಜೋಡಿಸೋ ಹಲಗೆ," ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ.

"ಗೊತ್ತು."

"ಪಾತ್ರೆ ಎಲ್ಲ ಮಂಚದ ಮೇಲೆ ಪೇರಿಸಿದೀರಿ. ಮಲಗೋದು ಎಲ್ಲಿ, ಗೂಟಕ್ಕೆ ನೇತು ಹಾಕ್ಕೊಳ್ಳೋದಾ?"

ಅವನು ಹಿಡಿಯನ್ನು ಇನ್ನೂ ಅರ್ಧ ಸುತ್ತು ತಿರುಗಿಸಿದ. ಪ್ಲಾಸ್ಟರ್ ಹಾಕಿದ ಕಾಲನ್ನು ಉದ್ದಕ್ಕೆ ಚಾಚಿ ನೆಲದ ಮೇಲೆ ಕೂತಿದ್ದ. ಹಲಗೆಯ ಎರಡು ತುದಿಗೆ ಇಟ್ಟಿಗೆಯ ಗುಡ್ಡೆ, ನಡುವೆ ಹಲಗೆಯ ಮೇಲೆ ಜಾಕು, ಜಾಕಿನ ಮೇಲೆ ಮರದ ಕಂಬ, ಕಂಬದ ತುದಿ ಛಾವಣಿಗೆ ಒತ್ತಿ ನಿಂತಿತ್ತು. ಕಾಂಕ್ರೀಟಿಗೆ ಹಲಗೆ ಕಟ್ಟುವುದು, ಒಣಗುವ ತನಕ ಅದನ್ನು ಕಂಬ ಕೊಟ್ಟು ಹೊರುವುದು, ಇದೇ ಅವನ ಇಪ್ಪತ್ತು ವರ್ಷದ ಕಸುಬು. ಹೊರುವ ಉಪಾಯವನ್ನೇ ಈಗ ತಲೆಕೆಳಗು ಮಾಡಿದ್ದ.

"ಮೊದಲು ಹಲಗೆ ಮುರಿಯತ್ತೋ ಛಾವಣಿ ಮುರಿಯತ್ತೋ, ಅದಾದರೂ ಹೇಳಿ. ಹೊರಗೆ ನಿಲ್ತೀನಿ."

ಹಲಗೆಯೇ ಮೊದಲು ಮುರಿಯಿತು. ಗಂಟಿನ ಪಕ್ಕದಿಂದ ಸೀಳು ಓಡಿ, ನಾರುನಾರಾಗಿ ಬಿಚ್ಚಿಕೊಂಡು ಎರಡು ತುಂಡಾಯಿತು. ಬಡಗಿ ಮುರಿದ ಬಾಯಿಯ ಮೇಲೆ ಬೆರಳಾಡಿಸಿದ. ಗರಗಸ ಮುಟ್ಟದಿದ್ದದ್ದು ಒಳ್ಳೆಯದಾಯಿತು. ಗರಗಸದ ಗುರುತನ್ನು ಎಂಥ ಮುಠ್ಠಾಳನೂ ಹಿಡಿಯುತ್ತಾನೆ. ಭಾರಕ್ಕೆ ಮುರಿದ ಮರ ಭಾರಕ್ಕೆ ಮುರಿದ ಹಾಗೆಯೇ ಕಾಣಬೇಕು.

ಅವನನ್ನು ಕೆಳಗೆ ಬೀಳಿಸಿದ ಹಲಗೆಯೂ ಹೀಗೆಯೇ ಮುರಿದಿತ್ತು. ಎರಡನೇ ಮಹಡಿಯ ಬಾಲ್ಕನಿಯ ಹೊರಗೆ ಬೊಂಬು ಕಟ್ಟಿ ಮಾಡಿದ ಸಾರುವೆಯ ಮೇಲೆ, ನಿಂತು ಕೆಲಸ ಮಾಡಲು ಹಾಸಿದ್ದ ಹಲಗೆ. ಗಂಟಿನ ಪಕ್ಕ ಬಿರುಕಿದೆ, ಬದಲಾಯಿಸಿ ಎಂದು ಅವನೇ ಇಂಜಿನಿಯರಿಗೆ ಹೇಳಿದ್ದ. ಇಂಜಿನಿಯರ್ ಅದನ್ನು ಕೆಳಗಿಳಿಸಿ, ಬಿರುಕಿನ ಮೇಲೆ ಒಂದು ಕಬ್ಬಿಣದ ಪಟ್ಟಿ ಹೊಡೆಸಿ, "ಆಯ್ತಲ್ಲ, ಇನ್ನು ಮೇಲಕ್ಕೆ ಹತ್ತು," ಎಂದಿದ್ದ. ಅರ್ಧ ಗಂಟೆಯಲ್ಲಿ ಬಡಗಿ ಜಲ್ಲಿಕಲ್ಲಿನ ಮೇಲೆ ಬಿದ್ದಿದ್ದ, ತೊಡೆಯ ಮೂಳೆ ಎರಡಾಗಿತ್ತು. ಹಲಗೆ ಮುರಿಯಲೇ ಇಲ್ಲ, ಅವನೇ ಕಾಲು ಜಾರಿ ಬಿದ್ದ ಎಂದು ಅದೇ ಸಂಜೆ ಕಂಪನಿ ಬರೆದುಕೊಟ್ಟಿತು. ಮುರಿದ ತುಂಡುಗಳನ್ನು ಕೆಲಸದವರ ಒಲೆಗೆ ಹಾಕಿಸಿದರಂತೆ ಎಂದು ಬಾಮೈದ ಕೇಳಿಕೊಂಡು ಬಂದಿದ್ದ. ಮೂಳೆ ವಕ್ರವಾಗಿ ಕೂಡಿಕೊಳ್ಳುವ ಮೊದಲೇ ಇನ್ನೊಂದು ಆಪರೇಷನ್ ಆಗಬೇಕು, ಇಲ್ಲದಿದ್ದರೆ ಸಾರುವೆ ಹತ್ತುವುದನ್ನು ಮರೆತುಬಿಡಿ ಎಂದರು ಡಾಕ್ಟರು. ಆಪರೇಷನ್ ಮಾಡಿಸಬೇಕಾದವರು ಕಂಪನಿಯವರು, ಮಾಡಿಸುವಂತೆ ಮಾಡಬೇಕಾದದ್ದು ಕಾನೂನು. ಕಾನೂನು ಇದ್ದದ್ದು ಮೊದಲನೇ ಮಹಡಿಯಲ್ಲಿ.

ಉಚಿತ ಕಾನೂನು ನೆರವಿನ ಆಫೀಸಿಗೆ ಲಿಫ್ಟ್ ಇರಲಿಲ್ಲ. ಇಪ್ಪತ್ತೆರಡು ಮೆಟ್ಟಿಲು. ಬಡಗಿ ಕುಂಡೆಯೂರಿ ಒಂದೊಂದೇ ಮೆಟ್ಟಿಲನ್ನು ಹಿಮ್ಮುಖವಾಗಿ ಹತ್ತಿದ, ಹೆಂಡತಿ ಪ್ಲಾಸ್ಟರಿನ ಕಾಲನ್ನು ಮಗುವಿನಂತೆ ಎತ್ತಿ ಹಿಡಿದಿದ್ದಳು. ಮೊದಲ ಸಲ ಫೋಟೋ ಬೇಕೆಂದರು. ಎರಡನೇ ಸಲ ಆಸ್ಪತ್ರೆಯ ಚೀಟಿಗೆ ಮೊಹರಿಲ್ಲ ಎಂದರು. ಮೂರನೇ ಸಲ ವಕೀಲೆ ರಜೆ, ಬಾಗಿಲಿಗೆ ಅಂಟಿಸಿದ್ದ ಕಾಗದ ನೋಡಿ ಅವನು ಇಪ್ಪತ್ತೆರಡು ಮೆಟ್ಟಿಲನ್ನೂ ಹಾಗೆಯೇ ಇಳಿದ. ನಾಲ್ಕನೇ ಸಲ ವಕೀಲೆ ಸಿಕ್ಕಳು. ಎಳೆ ಪ್ರಾಯದವಳು, ಕಣ್ಣ ಕೆಳಗೆ ಕಪ್ಪು, ಮೇಜಿನ ಮೇಲೆ ಫೈಲುಗಳ ಗೋಡೆ. ಇವನ ಕತೆಯನ್ನು ಪೂರ್ತಿ ಕೇಳಿದ ಮೊದಲ ವ್ಯಕ್ತಿ ಅವಳೇ.

"ಹಲಗೆ ಇದ್ದಿದ್ರೆ ನಾಳೆನೇ ಇನ್ಸ್‌ಪೆಕ್ಟರನ್ನ ಸೈಟಿಗೆ ಕಳಿಸ್ತಿದ್ದೆ," ಎಂದಳು.

"ಕಾಲು ಇದೆಯಲ್ಲ ಮೇಡಂ. ಇದು ಮುರಿದಿರೋದು ಸಾಲದಾ?"

"ಕಾಲು ಎಲ್ಲಿ ಬೇಕಾದ್ರೂ ಮುರೀಬಹುದು. ಹಲಗೆ ಅಲ್ಲೇ ಮುರೀಬೇಕು."

"ನನ್ನ ಜೊತೆ ಕೆಲಸ ಮಾಡೋರೆಲ್ಲ ನೋಡಿದಾರೆ."

"ಒಬ್ಬರಾದ್ರೂ ಬಂದು ಹೇಳ್ತಾರಾ?"

ಬಡಗಿ ತನ್ನ ಕಾಗದಗಳನ್ನು ಮಡಚಿಕೊಂಡ. ಅವನನ್ನು ನೋಡಲು ಜೊತೆಯವರು ಆಸ್ಪತ್ರೆಗೂ ಯಾರೂ ಬಂದಿರಲಿಲ್ಲ, ಮನೆಗೂ ಬಂದಿರಲಿಲ್ಲ. ಎಂಟು ವರ್ಷ ಹಲಗೆಯ ಇನ್ನೊಂದು ತುದಿ ಹಿಡಿದ ಗಿಡ್ಡನೂ ಬಂದಿರಲಿಲ್ಲ. ಕೆಲಸ ಹೋಗುವ ಭಯ ಎಲ್ಲರಿಗೂ ಇರುತ್ತದೆ ಎಂದು ಹೇಳಿಕೊಂಡರೂ ಒಳಗೆ ಉರಿಯುತ್ತಿತ್ತು. ಇಪ್ಪತ್ತೆರಡು ಮೆಟ್ಟಿಲು ಇಳಿಯುವಷ್ಟರಲ್ಲಿ ಅವನು ತೀರ್ಮಾನಿಸಿದ್ದ. ಹಲಗೆ ಬೇಕು ತಾನೇ? ಹಲಗೆಯ ಕೆಲಸ ತನಗಿಂತ ಚೆನ್ನಾಗಿ ಯಾರಿಗೆ ಬರುತ್ತದೆ?

ಹೋದ ವರ್ಷ ಅದೇ ಕಂಪನಿಯ ಹಳೇ ರಾಶಿಯಿಂದ ಹೊತ್ತು ತಂದ ಹಲಗೆ ಅಡುಗೆಮನೆಯಲ್ಲಿತ್ತು. ಅದೇ ಜಾತಿಯ ಮರ, ತುದಿಗೆ ಕಂಪನಿಯ ಅದೇ ಕೆಂಪು ಬಣ್ಣ, ಅದೃಷ್ಟಕ್ಕೆ ಒಂದು ಗಂಟು ಬೇರೆ. ಮುರಿದ ಮೇಲೆ ಅವನು ಕಬ್ಬಿಣದ ಸರಳುಗಳ ಕಂತೆಗೆ ಬಿಗಿಯುವ ಪಟ್ಟಿಯ ಒಂದು ತುಂಡು ತರಿಸಿ ಸೀಳಿನ ಪಕ್ಕ ಹೊಡೆದ. ನಾಲ್ಕು ಮೊಳೆ. ನೆಟ್ಟಗೆ ಹೊಡೆಯುವುದು ಕೈಗೆ ರೂಢಿ, ಅವಸರದಲ್ಲಿ ಹೊಡೆದಂತೆ ಎರಡನ್ನು ಬಗ್ಗಿಸಲು ಹೆಣಗಬೇಕಾಯಿತು. ಸಿಮೆಂಟಿನ ತಿಳಿ ಚಿಮುಕಿಸಿದ. ಒದ್ದೆ ಗೋಣಿಯಲ್ಲಿ ಸುತ್ತಿ ಒಂದು ದಿನ, ಬಿಚ್ಚಿ ಬಿಸಿಲಿಗೆ ಒಂದು ದಿನ, ಮತ್ತೆ ಗೋಣಿ. ಮುರಿದ ಬಾಯಿ ಬೆಳ್ಳಗೆ ಹೊಸದಾಗಿ ಕಾಣುತ್ತಿತ್ತು. ಅದಕ್ಕೆ ಕರಿ ಚಹಾ ಸವರಿದ.

"ನಿಮ್ಮ ಹಲಗೆ ಕುಡಿದು ಮಿಕ್ಕರೆ ನನಗೂ ಒಂದು ಲೋಟ ಕೊಡಿ," ಎಂದಳು ಹೆಂಡತಿ.

ವಾರದ ಕೊನೆಗೆ ಅದನ್ನು ಗೋಡೆಗೊರಗಿಸಿ ದೂರದಿಂದ ನೋಡಿದ. ನಿಜವಾದ ಹಲಗೆಗಿಂತ ನಿಜವಾಗಿತ್ತು.

ಸಾಗಿಸುವುದು ಬಾಮೈದನ ಪಾಲಿಗೆ. ಅವನು ದಿನಾ ಬೆಳಿಗ್ಗೆ ಅದೇ ಸೈಟಿಗೆ ನೀರಿನ ಟ್ಯಾಂಕರ್ ಓಡಿಸುತ್ತಿದ್ದ. ಹಿತ್ತಲಿನ ತೊಟ್ಟಿಯ ಪಕ್ಕದಲ್ಲೇ ಕಸದ ಗುಡ್ಡೆ. ನೀರು ಬಿಡುವ ಹತ್ತು ನಿಮಿಷ ಅಲ್ಲಿ ಯಾರೂ ಇರುವುದಿಲ್ಲ.

"ಭಾವ, ಸಿಕ್ಕಿಬಿದ್ರೆ?"

"ನಾನು ಬಿದ್ದಿದ್ದು ಸುಳ್ಳಾ?"

"ಅಲ್ಲ."

"ಹಲಗೆ ಮುರಿದಿದ್ದು ಸುಳ್ಳಾ?"

"ಅಲ್ಲ. ಆದರೆ ಹಲಗೆ ಬೇರೆ."

"ಅಷ್ಟು ಚಿಕ್ಕ ವಿಷಯಕ್ಕೆ ಯಾಕೆ ತಲೆ ಕೆಡಿಸ್ಕೊಳ್ತೀಯಾ?"

ಯೋಜನೆಯ ಸೊಗಸು ಒಂದೇ ಕಡೆ ಇತ್ತು, ಅದನ್ನು ನೆನೆದಾಗಲೆಲ್ಲ ಬಡಗಿಗೆ ಕಾಲಿನ ನೋವು ಒಂದಿಷ್ಟು ಮರೆಯುತ್ತಿತ್ತು. ಈ ಹಲಗೆ ನಕಲಿ ಎಂದು ಇಂಜಿನಿಯರಿಗೆ ಖಂಡಿತ ಗೊತ್ತಾಗುತ್ತದೆ. ಆದರೆ ನಕಲಿ ಎನ್ನಬೇಕಾದರೆ ಅಸಲಿಯನ್ನು ಸುಡಿಸಿದೆ ಎನ್ನಬೇಕು. ಹೇಳಲಿ ನೋಡೋಣ.

ವಕೀಲೆಗೆ ಅವನು ಹೇಳಿದ್ದು ಇಷ್ಟೇ: "ಮುರಿದ ಸಾಮಾನೆಲ್ಲ ಹಿತ್ತಲಿಗೆ ಎಸೀತಾರೆ ಮೇಡಂ. ಒಂದು ಸಲ ನೋಡಿಸಿದ್ರೆ..." ಅವಳು ಚುರುಕು. ಮೂರನೇ ದಿನ ಬೆಳಿಗ್ಗೆ ಹತ್ತಕ್ಕೆ ಕಾರ್ಮಿಕ ಇಲಾಖೆಯ ಇನ್ಸ್‌ಪೆಕ್ಟರ್ ಸೈಟಿಗೆ ಬಂದ. ಬಡಗಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಬೇರೆಯವರು ಕಸ ಕೆದಕುವುದನ್ನು ಸುಮ್ಮನೆ ನೋಡಿದ. ಹುಡುಕಿ ಕೊಡುವ ಉಮೇದು ತೋರಿಸಬಾರದು, ಅದನ್ನೂ ಮೊದಲೇ ಯೋಚಿಸಿದ್ದ. ಇನ್ಸ್‌ಪೆಕ್ಟರ್ ಎರಡು ತುಂಡುಗಳನ್ನೂ ತಾನೇ ಎಳೆದು ತೆಗೆದ.

"ಇದು ಹೇಗೆ..." ಎಂದ ಇಂಜಿನಿಯರ್. ಅವನ ಕಣ್ಣು ಕೆಲಸದವರ ಒಲೆಯ ಕಡೆ ಹೋಯಿತು.

"ಇದೇನಾ ನೀವು ನಿಂತಿದ್ದ ಹಲಗೆ?" ಇನ್ಸ್‌ಪೆಕ್ಟರ್ ಕೇಳಿದ. "ನೋಡಿ ಹೇಳಿ. ಸುಳ್ಳು ಅಂತ ಗೊತ್ತಾದ್ರೆ ಕೇಸು ಬಿದ್ದುಹೋಗತ್ತೆ, ಮೇಲಿಂದ ನಿಮ್ಮ ಮೇಲೇ ಕೇಸು."

"ಇದೇ ಸರ್. ಗಂಟು, ಪಟ್ಟಿ, ನಾಲ್ಕು ಮೊಳೆ. ಹೆಂಡತಿ ಮುಖ ಮರೆತರೂ ಇದನ್ನ ಮರೆಯಲ್ಲ. ಬೇರೆ ಯಾವುದೂ ಅಲ್ಲ, ಇದೇ."

ಇನ್ಸ್‌ಪೆಕ್ಟರ್ ಅಷ್ಟನ್ನೂ ಬರೆದುಕೊಂಡ. ಬಡಗಿ ರುಜು ಹಾಕಿದ, ಕೇಳಿದ್ದಕ್ಕೆ ಹೆಬ್ಬೆಟ್ಟನ್ನೂ ಒತ್ತಿದ. ವಕೀಲೆ ಮೊದಲ ಸಲ ನಕ್ಕಳು.

ಅಷ್ಟರಲ್ಲಿ, ಬೆಳಿಗ್ಗೆಯಿಂದ ಮೇಲಿನಿಂದ ಕೇಳುತ್ತಿದ್ದ ಮೊಳೆ ಕೀಳುವ ಸದ್ದು ನಿಂತಿತು. ಗಿಡ್ಡ ಮೆಟ್ಟಿಲು ಇಳಿದು ಬಂದ. ಮೈಯೆಲ್ಲ ಸಿಮೆಂಟಿನ ಪುಡಿ, ಹೆಗಲ ಮೇಲೆ ಎರಡು ತುಂಡು ಹಲಗೆ, ಮುಖದ ತುಂಬ ನಗು.

"ಅಣ್ಣಾ! ದಿನ ಲೆಕ್ಕ ಹಾಕ್ಕೊಂಡು ಸರಿಯಾಗಿ ಬಂದೇಬಿಟ್ಯಲ್ಲ! ಇವರಿಗೆಲ್ಲ ನಾನು ಹೇಳಿದ್ದೆ, ಅಣ್ಣನಿಗೆ ಸುದ್ದಿ ಕಳಿಸೋದು ಬೇಡ, ಯಾರ ಕಿವಿಗಾದ್ರೂ ಬಿದ್ದೀತು, ಅವನಿಗೆ ತಾನಾಗೇ ಹೊಳೆಯತ್ತೆ ಅಂತ." ಇನ್ಸ್‌ಪೆಕ್ಟರ್ ಕಡೆ ತಿರುಗಿ, "ಇದನ್ನ ಸುಡು ಅಂದ್ರು ಸರ್ ಇವರು. ನಾವು ಬೇರೆ ಮರ ಸುಟ್ವಿ. ಇದನ್ನ ಮಾರನೇ ದಿನ ಹಾಕಿದ ಬಾಲ್ಕನಿ ಸ್ಲ್ಯಾಬಿನ ಅಡಿಗೆ ಹೊಡೆದುಬಿಟ್ವಿ. ಕಾಂಕ್ರೀಟು ಗಟ್ಟಿಯಾಗೋ ತನಕ, ಇಪ್ಪತ್ತೆಂಟು ದಿನ, ಅದನ್ನ ಯಾರೂ ಬಿಚ್ಚೋ ಹಾಗಿಲ್ಲ, ಇಂಜಿನಿಯರ್ರೂ ಮುಟ್ಟೋ ಹಾಗಿಲ್ಲ. ಇವತ್ತಿಗೆ ಆಯ್ತು."

ಗಿಡ್ಡ ತುಂಡನ್ನು ಮಗುಚಿದ. ಅಡಿಯಲ್ಲಿ ನೀಲಿ ಮಾರ್ಕರಿನ ಅಕ್ಷರ: ಪಟ್ಟಿ ಹೊಡೆದಿದೆ, ಬಳಸಬಹುದು. ಕೆಳಗೆ ತಾರೀಖು, ಇಂಜಿನಿಯರಿನ ರುಜು. ಇಂಜಿನಿಯರ್ ಎರಡು ಹೆಜ್ಜೆ ಹಿಂದೆ ಸರಿದ. ಬಾಲ್ಕನಿಯ ಅಡಿಯ ಹಲಗೆಗೆ ಇಪ್ಪತ್ತೆಂಟು ದಿನ. ಒಂದು ದಿನ ಮೊದಲು ಬಿಚ್ಚಹೊರಟವರನ್ನು ಬಡಗಿಯೇ ಬೈದು ಅಟ್ಟುತ್ತಿದ್ದ, ಪ್ರತಿ ಸ್ಲ್ಯಾಬಿಗೂ ತಪ್ಪದೆ ಎಣಿಸುತ್ತಿದ್ದ. ಈ ಒಂದು ಸಲ ಅವನು ಎಣಿಸಿದ್ದು ಮೆಟ್ಟಿಲನ್ನು ಮಾತ್ರ. ಇನ್ಸ್‌ಪೆಕ್ಟರ್ ಆ ಹಲಗೆಯನ್ನೂ ಈ ಹಲಗೆಯನ್ನೂ ನೋಡಿ, ಕೈಯಲ್ಲಿದ್ದ ಕಾಗದ ನೋಡಿದ. "ಇದೇ ಅಂತ ರುಜು ಹಾಕಿದೀರಿ. ಈತ ತಂದಿರೋದು ಏನ್ರೀ ಹಾಗಾದ್ರೆ?" ವಕೀಲೆಯ ನಗು ಅರ್ಧಕ್ಕೇ ನಿಂತಿತು. ದೂರದಲ್ಲಿ ಬಾಮೈದ ಟ್ಯಾಂಕರಿನ ಬಾಗಿಲು ಹಿಡಿದು ಕಲ್ಲಾಗಿದ್ದ. "ತಗೋ ಅಣ್ಣಾ, ನಿನ್ನ ಹಲಗೆ," ಎಂದು ಗಿಡ್ಡ ಎರಡೂ ಕೈಯಲ್ಲಿ ಮುಂದೆ ಚಾಚಿದ. ಬಡಗಿ ಹೆಬ್ಬೆಟ್ಟಿನ ಇನ್ನೂ ಒಣಗದ ಮಸಿಯನ್ನು ಅಂಗಿಗೆ ಒರೆಸಿಕೊಂಡ. "ಅದು ನನ್ನದಲ್ಲ," ಎಂದ. "ತಗೊಂಡು ಹೋಗು."