ಎಡಕ್ಕೆ ಕುಸಿದ ಕುರ್ಚಿ

ತನ್ನ ಚಿತ್ರಪ್ರದರ್ಶನದ ಮೊದಲ ದಿನ ಅವನು ಮೈಕ್ ಹಿಡಿದು, "ನಾನು ಬರೆದ ಈ ಖಾಲಿ ಕುರ್ಚಿಗಳು ಅಸ್ತಿತ್ವದ ಶೂನ್ಯ" ಎಂದ. ಜನ ತಲೆದೂಗಿದರು. ನನಗೆ ಮೈಯೆಲ್ಲ ಉರಿಯಿತು. ನಾವಿಬ್ಬರೂ ಕೆಲಸ ಮಾಡುವುದು ಒಂದೇ ಬಾಡಿಗೆ ಕೋಣೆಯಲ್ಲಿ. ಚಹಾದ ಲೋಟಕ್ಕೆ ಬ್ರಷ್ ಅದ್ದುವ ಇವನಿಗೆ ಶೂನ್ಯವಂತೆ, ಅಸ್ತಿತ್ವವಂತೆ!

ನಾನು ಶಾಲೆಯ ಪಠ್ಯಪುಸ್ತಕಗಳಿಗೆ ಚಿತ್ರ ಬರೆಯುವವಳು. ನಾನು ಬರೆದ ಮೂತ್ರಪಿಂಡ ಮೂತ್ರಪಿಂಡದ ಹಾಗೇ ಇರಬೇಕು. ಅದರ ಮುಂದೆ ನಿಂತು ಯಾರೂ ಭಾಷಣ ಬಿಗಿಯುವುದಿಲ್ಲ. ಅವನಿಗೆ ನಾನಿಟ್ಟ ಹೆಸರು ಕುರ್ಚಿಸ್ವಾಮಿ.

ನಾನು ಬೇರೆ ಕೋಣೆ ಹಿಡಿದಾಗಿತ್ತು. ಮರುದಿನವೇ ಸಾಮಾನು ಸಾಗಿಸುವುದಿತ್ತು. ಅದನ್ನು ಹೇಳಿಬಿಡೋಣವೆಂದು ಜನ ಕರಗುವವರೆಗೆ ಕಾದೆ. ಇಸ್ತ್ರಿ ಮಾಡಿದ ಅಂಗಿಯಲ್ಲಿ ಅವನು ಚೆನ್ನಾಗಿ ಕಾಣುತ್ತಿದ್ದ. ಅದೊಂದು ಸಿಟ್ಟು ಬೇರೆ.

ಹಾಲ್ ಖಾಲಿಯಾದ ಮೇಲೆ ನಮ್ಮ ಮಹಾನ್ ಕಲಾವಿದ ಜನ ಕೂತಿದ್ದ ಕುರ್ಚಿಗಳನ್ನು ಮಡಚಲು ನಿಂತ. ಮಡಚುವ ಮುಂಚೆ ಒಂದೊಂದರ ಮೇಲೂ ಅಂಗೈ ಇಡುತ್ತಿದ್ದ.

"ಶೂನ್ಯ ಇನ್ನೂ ಬಿಸಿ ಇದೆಯಾ?" ಎಂದೆ.

ಅವನ ಕಿವಿ ಕೆಂಪಾಯಿತು. "ಅಭ್ಯಾಸ ಕಣೇ. ಅಮ್ಮ ಕುರ್ಚಿ ಬಾಡಿಗೆಗೆ ಕೊಡ್ತಿದ್ಲು. ಜನ ಎದ್ದುಹೋದ್ಮೇಲೆ ಮಡಚೋದು ನನ್ನ ಕೆಲಸ. ಮದುವೆ ಮನೇಲಿ ಸಾಲೇ ಇರ್ತಿರ್ಲಿಲ್ಲ, ಎಲ್ಲ ಒಂದಕ್ಕೊಂದು ಮುಖ ಮಾಡಿ ಹರಟೆಗೆ ಕೂತ ಹಾಗೆ. ಸಾವಿನ ಮನೇಲಿ ಮಾತ್ರ, ಹಾಕಿದ ಸಾಲು ಹಾಕಿದ ಹಾಗೇ."

"ಇದನ್ನೇ ಮೈಕಲ್ಲಿ ಹೇಳೋಕೆ ಏನು ದಾಡಿ ನಿಂಗೆ?"

"ಬಾಡಿಗೆ ಕುರ್ಚಿ ಕಥೆಗೆ ಯಾರು ತಲೆದೂಗ್ತಾರೆ?"

"ನಾನು," ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡೆ.

ಅವನು ನನ್ನನ್ನು ಕೊನೆಯ ಚಿತ್ರದ ಮುಂದೆ ನಿಲ್ಲಿಸಿದ. ಹಳೆಯ ಮರದ ಕುರ್ಚಿ. ಮೇಲಿನ ದಿಂಬು ಎಡಕ್ಕೆ ಕುಸಿದಿದೆ, ಬಲಗಡೆ ಹೊಸದರಂತಿದೆ. ಸುತ್ತ ಪೆನ್ಸಿಲ್ ಹೆರೆದ ಸಿಪ್ಪೆ.

"ನನ್ನ ಕುರ್ಚಿ ಹೀಗಿಲ್ಲ," ಎಂದೆ.

"ಹೀಗೇ ಇದೆ. ಎಡಗಾಲು ಮಡಚಿ ಅದರ ಮೇಲೆ ಕೂರ್ತೀಯ. ಸಿಪ್ಪೆ ಎಲ್ಲ ನನ್ನ ಕಡೆಗೇ ಬೀಳಿಸ್ತೀಯ."

ಸಿಪ್ಪೆಯ ಮಾತು ನಿಜ. ಬೇಕೆಂದೇ ಬೀಳಿಸುತ್ತಿದ್ದೆ.

"ಹೊಸ ಕೋಣೆ ಕೀ ನಿನ್ನ ಮೇಜಿನ ಮೇಲೇ ಬಿದ್ದಿತ್ತು," ಅವನ ದನಿ ಇಳಿಯಿತು. "ಬೇರೆ ಎಲ್ಲಾನೂ ಜನ ಎದ್ದುಹೋದ್ಮೇಲೆ ಬರೆದದ್ದು. ಇದೊಂದನ್ನ ಮುಂಚೇನೇ ಬರೆದೆ. ನೀನು ಹೋದ್ಮೇಲೆ ಬರೆಯೋಕೆ ಕೈ ಏಳಲ್ಲ."

ಮಾತಿನ ಮಲ್ಲನಿಗೆ ಹೇಳಲು ಬಂದದ್ದು ಇಷ್ಟೇ.

"ಪ್ರೀತಿ ಅಂತ ಒಂದು ಪದ ಇದೆ, ಪುಣ್ಯಾತ್ಮ."

"ಹೇಳಿದ್ರೆ ನೀನು ನಗ್ತಿದ್ದೆ."

"ಈಗ್ಲೂ ನಗ್ತೀನಿ. ಹೇಳು."

ಹೇಳಿದ, ಮೈಕ್ ಇಲ್ಲದೆ, ತಡವರಿಸುತ್ತ. ನನಗೆ ನಗು ಬರಲಿಲ್ಲ. ಹಾಳು ಕಣ್ಣು ತುಂಬಿಕೊಂಡಿತು. ಅವನಿಗೆ ಕಾಣಬಾರದೆಂದು ಆಚೆ ತಿರುಗಿದೆ.

ಉಳಿದದ್ದು ಒಂದೇ ಕುರ್ಚಿ. ಅವನು ಅದನ್ನು ಮಡಚಲು ಬರುವಷ್ಟರಲ್ಲಿ ನಾನು ಅದರಲ್ಲಿ ಕೂತಿದ್ದೆ. ದರಿದ್ರ ಎಡಗಾಲು ತಾನಾಗಿಯೇ ಮಡಚಿಕೊಂಡಿತ್ತು.

"ಏಳು, ಬಾಗಿಲು ಹಾಕ್ಬೇಕಂತೆ."

"ಏಳಲ್ಲ," ಎಂದೆ. "ಕೂತಿರೋರನ್ನ ಬರೆಯೋದು ಕಲಿ, ಕುರ್ಚಿಸ್ವಾಮಿ."