ಬಾ ಅಂದ ಬಾಯಿ, ಬೇಡ ಅಂದ ಕೈ

“ಮುಟ್ಟಬೇಡ ಅವಳನ್ನ! ರೋಗ ಕೊಟ್ಟ ಕೈಯೇ ಮಾತ್ರೆಯನ್ನೂ ಕೊಡಬೇಕಾ?”

ಟೀಚರತ್ತೆ ಲೋಟ ಕಿತ್ತುಕೊಂಡ ರಭಸಕ್ಕೆ ಅರ್ಧ ನೀರು ನೆಲದ ಪಾಲಾಯಿತು, ಉಳಿದರ್ಧ ತಾಯಿಯ ತೋಳಿನ ಮೇಲೆ ಸುರಿಯಿತು. ಕುರ್ಚಿಯಲ್ಲಿ ಕೂತಿದ್ದ ಇಪ್ಪತ್ಮೂರು ವರ್ಷದ ಮಗಳು ಎರಡೂ ಕಿವಿ ಮುಚ್ಚಿಕೊಂಡಳು.

“ಅತ್ತೆ, ಮೆಲ್ಲಗೆ... ನನ್ನ ತಲೆಯೊಳಗಿನವರೇ ಬೇಕಾದಷ್ಟು ಗಲಾಟೆ ಮಾಡ್ತಿದ್ದಾರೆ. ಹೊರಗಿನವರೂ ಸೇರ್ಕೊಂಡ್ರೆ ಯಾರದ್ದು ಅಂತ ಕೇಳಲಿ?”

“ನೋಡಿದ್ಯಾ?” ಎಂದರು ಟೀಚರತ್ತೆ, ಮಗಳಿಗಲ್ಲ, ತಾಯಿಗೆ. “ನೀನು ಹತ್ತಿರ ಬಂದ್ಯೋ ಇಲ್ವೋ, ಶುರುವಾಯ್ತು!”

ಇಷ್ಟಕ್ಕೇ ಟೀಚರತ್ತೆಯನ್ನು ರಾಕ್ಷಸಿ ಎಂದುಕೊಳ್ಳಬೇಡಿ. ಈ ಮನೆಯ ಸಂಗತಿಯನ್ನು ಮೊದಲಿನಿಂದ ಹೇಳಿಬಿಡುತ್ತೇನೆ.

ತಾಯಿ ಹೊಲಿಗೆಯವಳು. ಬೀದಿಗೆ ತೆರೆದುಕೊಂಡ ಮುಂದಿನ ಕೋಣೆಯಲ್ಲಿ ಅವಳ ಯಂತ್ರ. ಉದ್ದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಸಡಿಲಿಸುವುದು, ಮೈ ಇಳಿದವರ ಕೋಟನ್ನು ಮೈಗೆ ಕೂರಿಸುವುದು, ಮೂವತ್ತು ವರ್ಷದಿಂದ ಇದೇ ಕೆಲಸ. ತಂದೆ ಬಸ್ಸಿನ ಕಂಡಕ್ಟರು. ದಿನವಿಡೀ ಕೂಗಿ ಕೂಗಿ ಮನೆಗೆ ಬಂದರೆ ಮಾತೇ ಇಲ್ಲದ ಮನುಷ್ಯ. ಮಗಳು ಚಿಕ್ಕವಳಿದ್ದಾಗ ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರ್ಪಡಿಸುತ್ತ ಯಂತ್ರದ ಕೆಳಗೇ ಬೆಳೆದದ್ದರಿಂದ ಅವಳ ಹೆಸರೂ ‘ಗುಂಡಿ’ ಎಂದೇ ಉಳಿಯಿತು. ದೊಡ್ಡವಳಾಗಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸಕ್ಕೆ ಸೇರಿದಳು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಬಿಡದ ಕೈ ಅವಳದು ಎಂದು ಅಂಗಡಿಯವರು ಹೊಗಳುತ್ತಿದ್ದರು. ಹೋದ ವರ್ಷ ಒಂದು ದಿನ, ಗೋಡೆಯ ಮೇಲಿನ ಕನ್ನಡಕಗಳೆಲ್ಲ ತಾನು ಬೆನ್ನು ತಿರುಗಿಸಿದೊಡನೆ ತನ್ನ ಬಗ್ಗೆ ಮಾತಾಡಿಕೊಳ್ಳುತ್ತವೆ ಎಂದಳು. ಎಲ್ಲರೂ ನಕ್ಕರು. ಮರುವಾರ ಅವಳು ನಲವತ್ತು ಕನ್ನಡಕಗಳ ಗಾಜು ಕಳಚಿಟ್ಟು, “ಈಗ ಹೇಗೆ ನೋಡ್ತವೆ ನೋಡೋಣ!” ಎಂದು ನಡುಗುತ್ತ ನಿಂತಿದ್ದಳು. ಆಗ ಯಾರೂ ನಗಲಿಲ್ಲ. ಆರು ವಾರ ಆಸ್ಪತ್ರೆ... ಡಾಕ್ಟರಮ್ಮ ಹೇಳಿದ ಹೆಸರು ಸ್ಕಿಜೋಫ್ರೇನಿಯಾ. ಮಾತ್ರೆಗಳಿಂದ ತಲೆಯೊಳಗಿನ ಸಂತೆ ಅಡಗಿ, ಪಕ್ಕದ ಕೋಣೆಯ ಪಿಸುಮಾತಿನಷ್ಟಾಗಿತ್ತು.

ಗುಂಡಿ ಮನೆಗೆ ಬಂದ ದಿನವೇ ಅವಳಪ್ಪನ ಅಕ್ಕ, ನಿವೃತ್ತ ಶಿಕ್ಷಕಿ, ಒಂದು ಟ್ರಂಕು ಹಿಡಿದು ಬಂದಿಳಿದರು. ಮದುವೆಯಾಗದ ಜೀವ, ತಮ್ಮನ ಮಗಳೆಂದರೆ ಪ್ರಾಣ. ಆದರೆ ಆ ಪ್ರೀತಿಯ ಕೈಗೂ ಒಂದು ಬೆತ್ತ ಹಿಡಿಸಿಬಿಟ್ಟಿದ್ದರು! “ಗುಂಡಿ ಅಂತ ಕರೆದ್ರೆ ಮಗು ಗುಂಡಿಗೆ ಬೀಳದೆ ಇನ್ನೇನು ಬೆಟ್ಟ ಹತ್ತುತ್ತಾ?” ಎಂಬುದು ಅವರ ಮೊದಲ ದಿನದ ಮಾತು. ಎರಡನೆಯ ವಾರ ಟ್ರಂಕಿನಿಂದ ಐವತ್ತು ವರ್ಷ ಹಳೆಯ ಮನಶ್ಶಾಸ್ತ್ರದ ಪಠ್ಯಪುಸ್ತಕ ಹೊರಬಂತು. ಶಿಕ್ಷಕಿಯರ ತರಬೇತಿಯಲ್ಲಿ ಓದಿದ್ದು. ಕೆಂಪು ಶಾಯಿಯ ಗೆರೆ ಎಳೆದ ಪುಟವನ್ನು ಅವರು ತರಗತಿಯಲ್ಲಿ ಓದಿದಂತೆಯೇ ಓದಿದರು: “ಕೆಲವು ತಾಯಂದಿರು ಬಾ ಎಂದು ಕರೆಯುತ್ತಾರೆ, ಬಂದ ಮಗುವನ್ನು ಕೈಯಿಂದ ದೂರ ತಳ್ಳುತ್ತಾರೆ. ಯಾವುದನ್ನು ನಂಬಬೇಕೆಂದು ತಿಳಿಯದೆ ಮಗುವಿನ ಮನಸ್ಸು ಎರಡಾಗಿ ಸೀಳಿಹೋಗುತ್ತದೆ...”

ಓದುವಾಗ ತಾಯಿ ಒಂದು ಕೋಟಿನ ಅಂಚು ಮಡಿಸುತ್ತಿದ್ದಳು. ಬಾಯಲ್ಲಿ ನಾಲ್ಕು ಗುಂಡುಸೂಜಿ. ಉತ್ತರ ಕೊಡಲು ಆಗಲಿಲ್ಲ. ಸೂಜಿಗಳನ್ನು ಒಂದೊಂದಾಗಿ ಬಟ್ಟೆಗೆ ಚುಚ್ಚಿ ಮುಗಿಸುವಷ್ಟರಲ್ಲಿ ಅವಳ ಮುಖ ಬಿಳಿಚಿಕೊಂಡಿತ್ತು.

ಏಕೆಂದರೆ ಅವಳಿಗೆ ನೆನಪಾದದ್ದು ಅದೇ! ನಾಲ್ಕು ವರ್ಷದ ಗುಂಡಿ, ಹೊಸದೊಂದು ಗುಂಡಿ ಸಿಕ್ಕಿತೆಂದು ಕೇಕೆ ಹಾಕುತ್ತ ಕೊರಳಿಗೆ ಜೋತುಬೀಳಲು ಓಡಿಬರುತ್ತಿದ್ದಳು. ತಾಯಿಯ ಕಣ್ಣು ನಗುತ್ತಿತ್ತು, ತಲೆ ಬಾ ಬಾ ಎನ್ನುತ್ತಿತ್ತು. ಆದರೆ ತುಟಿಯ ನಡುವೆ ಸೂಜಿ... ಮಗುವಿನ ಕಣ್ಣಿಗೆ ಚುಚ್ಚಿದರೆ? ಮೊಣಕೈಯಿಂದ ಅತ್ತ ನೂಕಿ “ಉಂ... ಉಂಹೂಂ...” ಎನ್ನುತ್ತಿದ್ದಳು. ಒಂದು ದಿನವೇ, ಎರಡು ದಿನವೇ? ವರ್ಷಗಟ್ಟಲೆ! ‘ಅಯ್ಯೋ ದೇವರೇ, ಪುಸ್ತಕ ಬರೆದವರು ನನ್ನ ಕೋಣೆಗೆ ಇಣುಕಿ ನೋಡಿಯೇ ಬರೆದರೇನೋ?’

ಅಂದಿನಿಂದ ಅವಳು ಬಾಯಿಗೆ ಸೂಜಿ ಇಡಲಿಲ್ಲ. ಇಪ್ಪತ್ತು ವರ್ಷದ ಬಾಕಿ ಮುದ್ದನ್ನು ಒಂದೇ ತಿಂಗಳಲ್ಲಿ ಸುರಿಯಲು ಹೊರಟಳು. ಮಗಳು ಕೂತರೆ ಪಕ್ಕದಲ್ಲಿ ಕೂರುವಳು, ಎದ್ದರೆ ಹಿಂದೆ ಏಳುವಳು. ತಲೆ ನೇವರಿಸುವಳು, ಕೈ ಹಿಡಿದು ಸುಮ್ಮನೆ ಅಳುವಳು. ಸ್ನಾನದ ಕೋಣೆಯ ಬಾಗಿಲಲ್ಲಿ ನಿಂತು, “ಮಗಳೇ, ಏನಾದ್ರೂ ಕೇಳಿಸ್ತಿದ್ಯಾ?” ಎನ್ನುವಳು.

“ನಿನ್ನ ಧ್ವನಿಯೇ ಕೇಳಿಸ್ತಿದೆ ಅಮ್ಮಾ, ಬಿಡು ನನ್ನ!” ಎಂದು ಒಳಗಿನಿಂದ ಚೀರಾಟ.

ಹೊರಗೆ ಟೀಚರತ್ತೆಯ ವ್ಯಂಗ್ಯ: “ಗಾಯ ಮಾಡಿದವಳೇ ಈಗ ಊದ್ತಿದ್ದಾಳೆ.”

ಒಳಗಿನ ಪಿಸುಮಾತು ಮತ್ತೆ ಸಂತೆಯಾಗತೊಡಗಿತು. ಗುಂಡಿಗೆ ನಿದ್ದೆ ಬರದಾಯಿತು, ಮಾತ್ರೆ ಬೇಡವೆನ್ನತೊಡಗಿದಳು. ಕಂಡಕ್ಟರು ಒಂದು ದಿನ ಬೇಸತ್ತು, “ಒಂದೇ ಸೀಟಿಗೆ ಇಬ್ಬರೂ ಟಿಕೆಟ್ ತಗೊಂಡಿದ್ದೀರಿ. ಯಾರು ಇಳೀತೀರಿ ಅಂತ ಹೇಳ್ಬಿಡಿ!” ಎಂದು ರೇಗಿದ. ತಮಾಷೆಗೋ ಸಿಟ್ಟಿಗೋ ಆಡಿದ ಮಾತು. ಹೆಂಡತಿ ಅದನ್ನು ನಿಜವೆಂದೇ ತೆಗೆದುಕೊಂಡಳು.

ಲೋಟ ಕಿತ್ತುಕೊಂಡ ಆ ಬೆಳಿಗ್ಗೆ, ತೋಳಿನ ನೀರು ಒರೆಸಿಕೊಳ್ಳುತ್ತ ಅವಳು ಶಾಂತವಾಗಿ ಹೇಳಿದಳು: “ಸರಿ ಅತ್ತಿಗೆ. ಇವತ್ತು ಹೇಗೂ ಆಸ್ಪತ್ರೆಗೆ ಹೋಗೋದಿದೆ. ಡಾಕ್ಟ್ರ ಮುಂದೆಯೇ ಇವಳನ್ನ ನಿಮ್ಮ ಕೈಗೆ ಒಪ್ಪಿಸಿಬಿಡ್ತೀನಿ. ನಾನು ನನ್ನ ತಂಗಿ ಮನೆಗೆ ಹೋಗ್ತೀನಿ. ನಾನಿಲ್ಲದೆ ಇವಳು ನೆಟ್ಟಗಾಗೋದಾದ್ರೆ... ಸಾಯೋತನಕ ಈ ಹೊಸ್ತಿಲು ತುಳಿಯಲ್ಲ.”

“ಏ, ಇವಳೇ! ಏನು ಮಾತು ಇದು?” ಕಂಡಕ್ಟರು ಗಾಬರಿಯಾದ. ಟೀಚರತ್ತೆ ಲೋಟ ಕೆಳಗಿಡುವುದನ್ನೂ ಮರೆತು ಟ್ರಂಕಿನಿಂದ ಪುಸ್ತಕ ತೆಗೆದುಕೊಂಡರು.

ಡಾಕ್ಟರಮ್ಮನ ಕೋಣೆಯಲ್ಲಿ ನಾಲ್ಕು ಕುರ್ಚಿ, ಒಂದು ಮೇಜು, ಅದರ ಮೇಲೆ ದಪ್ಪ ಫೈಲು. ತಾಯಿ ನಿಂತೇ ತನ್ನ ನಿರ್ಧಾರ ಹೇಳಿದಳು. ಸೂಜಿಯ ಕಥೆಯನ್ನೂ ಬಿಡದೆ ಒಪ್ಪಿಸಿ, ಅಪರಾಧಿಯಂತೆ ತಲೆ ತಗ್ಗಿಸಿದಳು. ಟೀಚರತ್ತೆ ಪುಸ್ತಕವನ್ನು ಸಾಕ್ಷಿಯಂತೆ ಮೇಜಿನ ಮೇಲಿಟ್ಟರು.

ಡಾಕ್ಟರಮ್ಮ ಆ ಪುಟ ಓದಿ ನಿಟ್ಟುಸಿರುಬಿಟ್ಟರು. “ಟೀಚರ್, ಇದನ್ನ ಬರೆದವರು ಕೆಟ್ಟವರಲ್ಲ. ಕಾಯಿಲೆಯವರ ತಾಯಂದಿರ ಜೊತೆ ಕೂತು ಮಾತಾಡಿದ್ರು. ಅವರೆಲ್ಲ ಬಿಗುವಾಗಿ, ಹೆದರಿ ಇರೋದನ್ನ ಕಂಡ್ರು. ಮಗು ಹಾಗಾಗಿದ್ದಕ್ಕೆ ತಾಯಿ ಹೆದರಿದ್ದಾಳೋ, ತಾಯಿ ಹೀಗಿರೋದಕ್ಕೆ ಮಗು ಹಾಗಾಯ್ತೋ ಅಂತ ವಿಚಾರಿಸಲಿಲ್ಲ. ಆಮೇಲೆ ಬೇರೆಯವರು ಕಾಯಿಲೆ ಇಲ್ಲದ ಮನೆಗಳನ್ನೂ ನೋಡಿದ್ರು. ಅಲ್ಲೂ ಬಾ ಅಂದು ತಳ್ಳೋ ತಾಯಂದಿರು ಸಿಕ್ಕಿದ್ರು. ಮುದ್ದಿನಿಂದ ಸಾಕಿದ ಮನೆಯಲ್ಲೂ ಈ ಕಾಯಿಲೆ ಸಿಕ್ಕಿತು. ಈ ಪಾಠವನ್ನ ಕೈಬಿಟ್ಟು ಎಷ್ಟೋ ಕಾಲ ಆಯ್ತು.”

“ಹಾಗಾದ್ರೆ... ಕಾರಣ ಏನು?” ಟೀಚರತ್ತೆ ಪುಸ್ತಕವನ್ನು ತಮ್ಮತ್ತ ಎಳೆದುಕೊಂಡರು.

ಡಾಕ್ಟರಮ್ಮ ತಾಯಿಯ ಕಡೆ ತಿರುಗಿದರು. “ನೀವು ಹೇಳಿ, ಒಂದೇ ಎಳೆಯಿಂದ ಬಟ್ಟೆ ಆಗುತ್ತಾ? ಹುಟ್ಟಿನಿಂದ ಬಂದದ್ದು ಒಂದಷ್ಟು, ಮಿದುಳು ಬೆಳೆದ ರೀತಿ ಒಂದಷ್ಟು, ಬದುಕಿನಲ್ಲಿ ತಿಂದ ಪೆಟ್ಟು ಒಂದಷ್ಟು. ಯಾವ ಎಳೆ ಎಷ್ಟು ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಆದ್ರೆ ಒಂದು ಗೊತ್ತು. ಕಾಯಿಲೆ ಬಂದ ಮೇಲೆ ಮನೆಯ ಮಾತಿಗೆ ಬಲ ಇದೆ. ಚುಚ್ಚೋದು, ತಪ್ಪು ಹುಡುಕೋದು ಜಾಸ್ತಿಯಾದ ಮನೆಯಲ್ಲಿ ಅದು ತಿರುಗಿ ಬರೋದು ಹೆಚ್ಚು. ಅತ್ತು ಅಪ್ಪಿ ಉಸಿರು ಕಟ್ಟಿಸೋ ಮನೆಯಲ್ಲೂ ಅಷ್ಟೇ. ಇಬ್ಬರಿಗೂ ಹೇಳ್ತಿದ್ದೀನಿ.”

ಆಗ ಮೂಲೆಯಲ್ಲಿದ್ದ ಗುಂಡಿ ಮೆಲ್ಲಗೆ ಬಾಯಿಬಿಟ್ಟಳು. “ಅಮ್ಮ, ಆ ಸೂಜಿ ನನಗೂ ನೆನಪಿದೆ. ನಿನಗೆ ಬೆಳ್ಳಿ ಮೀಸೆ ಬಂದಿದೆ ಅಂದ್ಕೊಂಡಿದ್ದೆ. ಅಪ್ಪನ ಮೀಸೆಗಿಂತ ನಿನ್ನದೇ ಚೆನ್ನಾಗಿತ್ತು.”

ಕಂಡಕ್ಟರು ನಕ್ಕುಬಿಟ್ಟ. ತಾಯಿ ನಕ್ಕಳೋ ಅತ್ತಳೋ ಅವಳಿಗೇ ತಿಳಿಯಲಿಲ್ಲ.

ಡಾಕ್ಟರಮ್ಮ ಫೈಲು ತಿರುವುತ್ತ, “ನಿಮ್ಮ ಮನೆತನದಲ್ಲಿ ಬೇರೆ ಯಾರಿಗೂ ಈ ಥರ ಇರಲಿಲ್ಲ ಅಂತ ಬರೆದಿದೆ. ಸರಿ ತಾನೆ?” ಎಂದರು.

“ಇಲ್ಲ ಡಾಕ್ಟ್ರೇ, ಯಾರಿಗೂ...” ಎಂದು ಕಂಡಕ್ಟರು ಹೇಳುವಷ್ಟರಲ್ಲಿ ಟೀಚರತ್ತೆ ಎರಡೂ ಕೈಯಿಂದ ಮೇಜು ಹಿಡಿದುಕೊಂಡರು.

“ಇತ್ತು.”

“ಅಕ್ಕಾ?”

“ನಮ್ಮ ಅಣ್ಣನಿಗೆ ಇತ್ತು ಕಣೋ! ಹಡಗಿನ ಕೆಲಸಕ್ಕೆ ಹೋದ, ಅಲ್ಲೇ ತೀರಿಕೊಂಡ ಅಂತ ನಿನಗೆ ಹೇಳಿದ್ದೆಲ್ಲ ಸುಳ್ಳು. ನಿನಗಾಗ ಎರಡು ವರ್ಷ. ಅವನನ್ನ ಆಸ್ಪತ್ರೆಗೆ ಸೇರಿಸಿದ್ರು. ನಾನು ತರಬೇತಿಯಿಂದ ರಜಕ್ಕೆ ಬಂದಿದ್ದೆ... ಈ ಪುಸ್ತಕ ಹಿಡ್ಕೊಂಡು ಬಂದಿದ್ದೆ. ಹತ್ತೊಂಬತ್ತು ವರ್ಷದ ಜಾಣೆ! ಅಮ್ಮನನ್ನ ಕೂರಿಸಿ ಈ ಪುಟ ಓದಿದೆ. ‘ನೀನೇ ಕಾರಣ’ ಅಂದೆ. ಅಮ್ಮನಿಗೆ ಓದೋಕೆ ಬರ್ತಿರಲಿಲ್ಲ. ಅಚ್ಚಾದದ್ದೆಲ್ಲ ನಿಜ ಅಂದ್ಕೊಂಡ್ಬಿಡ್ತು ಆ ಜೀವ... ಆಮೇಲೆ ಹನ್ನೊಂದು ವರ್ಷ ಅವನ ಮುಖ ನೋಡಲಿಲ್ಲ. ‘ನಾನು ಹೋದ್ರೆ ಮಗನಿಗೆ ಜಾಸ್ತಿಯಾಗುತ್ತೆ’ ಅಂತ ಆಸ್ಪತ್ರೆಯ ಬಾಗಿಲ ತನಕ ಹೋಗಿ ವಾಪಸ್ ಬರ್ತಿತ್ತು. ‘ಅಮ್ಮ ಯಾಕೆ ಬರಲ್ಲ’ ಅಂತ ಕೇಳ್ತಾ ಕೇಳ್ತಾನೇ ಅವನು ಅಲ್ಲೇ ಕಣ್ಣು...”

ಮಾತು ಮುಗಿಯಲಿಲ್ಲ. ಅರವತ್ತೊಂಬತ್ತು ವರ್ಷದ ಆ ನೆಟ್ಟನೆಯ ಬೆನ್ನು ಒಮ್ಮೆಗೇ ಬಾಗಿತು. “ಈ ಪುಸ್ತಕ ನಿಜ ಆಗಿರಲೇಬೇಕಿತ್ತು ಡಾಕ್ಟ್ರೇ! ಇದು ಸುಳ್ಳಾದ್ರೆ ನಾನು ಯಾರು? ಏನು ಮಾಡಿಬಿಟ್ಟೆ ನಾನು?”

ಆ ಬೆಳಿಗ್ಗೆ ಮಗಳನ್ನು ಮುಟ್ಟಬೇಡವೆನ್ನಿಸಿಕೊಂಡ ಕೈಯೇ ಮುಂದೆ ಬಂದು ಟೀಚರತ್ತೆಯ ಭುಜ ಹಿಡಿಯಿತು. ಟೀಚರತ್ತೆ ಆ ಕೈಯನ್ನು ಗಟ್ಟಿಯಾಗಿ ಅವುಚಿಕೊಂಡರು. “ಹೋಗಬೇಡ ಕಣೇ... ನಮ್ಮಮ್ಮ ದೂರ ಹೋದ ಹಾಗೆ ನೀನು ಹೋಗಬೇಡ. ಹೋಗಬೇಕಾದವಳು ನಾನು. ಇವತ್ತೇ ಟ್ರಂಕು ಕಟ್ತೀನಿ.”

“ಎಲ್ಲರೂ ಹೊರಡ್ತೀನಿ ಅಂತ ನಿಂತ್ರೆ ಇವಳ ಜೊತೆ ಇರೋರ್ಯಾರು ಅತ್ತಿಗೆ? ನಾನೂ ಹೋಗಲ್ಲ, ನಿಮ್ಮನ್ನೂ ಬಿಡಲ್ಲ. ಆದ್ರೆ ನಾನು ಮಾತ್ರೆ ಕೊಡುವಾಗ ಲೋಟಕ್ಕೆ ಕೈ ಹಾಕಬೇಡಿ, ಅಷ್ಟು ಸಾಕು.”

ಹೊರಗಿನ ಉದ್ದನೆಯ ಬೆಂಚಿನಲ್ಲಿ, ಔಷಧಿಯ ಸರದಿಗೆ ಕಾಯುತ್ತ ನಾಲ್ವರೂ ಕೂತರು. ಕಂಡಕ್ಟರು ತನ್ನಣ್ಣ ಹಡಗಿಗಲ್ಲ, ಆಸ್ಪತ್ರೆಗೆ ಹೋದನೆಂಬುದನ್ನು ಇನ್ನೂ ಅರಗಿಸಿಕೊಳ್ಳಲಾಗದೆ ನೆಲ ನೋಡುತ್ತಿದ್ದ. ಗುಂಡಿ ಕೇಳಿದಳು:

“ಅತ್ತೆ, ದೊಡ್ಡಪ್ಪನಿಗೂ ಕೇಳಿಸ್ತಿತ್ತಾ?”

“ಕೇಳಿಸ್ತಿತ್ತು ಮಗಳೇ.”

“ಆ ಧ್ವನಿಗಳು ಏನು ಹೇಳ್ತಿದ್ವಂತೆ?”

ಟೀಚರತ್ತೆಯ ಕಣ್ಣು ತುಂಬಿತು. “ಗೊತ್ತಿಲ್ಲ... ಯಾರಿಂದ ಬಂತು, ಯಾಕೆ ಬಂತು ಅಂತ ಹೊಡೆದಾಡಿದ್ವಿ. ಅವನನ್ನ ನಾವ್ಯಾರೂ ಕೇಳಲೇ ಇಲ್ಲ.”

“ನನ್ನನ್ನೂ ಮನೇಲಿ ಯಾರೂ ಕೇಳಿಲ್ಲ,” ಎಂದಳು ಗುಂಡಿ. ದೂರಿನ ಧಾಟಿಯಲ್ಲಲ್ಲ, ಇದ್ದದ್ದನ್ನು ಹೇಳುವಂತೆ.

ನಲವತ್ತು ವರ್ಷ ಸಾವಿರಾರು ಮಕ್ಕಳಿಗೆ ಉತ್ತರ ಗೊತ್ತಿರುವ ಪ್ರಶ್ನೆಗಳನ್ನೇ ಕೇಳಿದ್ದ ಟೀಚರತ್ತೆ, ಒಮ್ಮೆ ತಾಯಿಯ ಮುಖ ನೋಡಿದರು. ತಾಯಿ ತಲೆಯಾಡಿಸಿದಳು. ಟೀಚರತ್ತೆ ಹೆದರುತ್ತ ಹೆದರುತ್ತ ಕೇಳಿದರು:

“ನಿನಗೆ... ಅವು ಏನು ಹೇಳ್ತವೆ ಪುಟ್ಟಾ?”

ಗುಂಡಿ ಬೆಂಚಿನ ಮೇಲೆ ಸ್ವಲ್ಪ ಸರಿದು ಕೂತಳು. ಆಮೇಲೆ, ಅವಸರವಿಲ್ಲದೆ, ಹೇಳಲು ಶುರುಮಾಡಿದಳು.